ಹತ್ತಿಯ ಹಿಂದಿನ ಮೂರು ಡಬ್ಬಿ

ಮಕ್ಕಳ ಮಲೇರಿಯಾ ಮಾತ್ರೆಯ ನಾಲ್ಕನೆಯ ಡಬ್ಬಿಯ ಮೇಲೆ ಬೆರಳಿಟ್ಟು ನರ್ಸ್ ಎಣಿಕೆ ನಿಲ್ಲಿಸಿದಳು. ಬೀರುವಿನ ಕೆಳಗಿನ ಅರೆಯಲ್ಲಿ, ಹತ್ತಿಯ ಸುರುಳಿಗಳ ಹಿಂದೆ, ಇನ್ನೂ ಮೂರು ಇದ್ದವು. ಅವನ್ನು ಅವಳು ಯಾವ ಸೋಮವಾರವೂ ಎಣಿಸಿದವಳಲ್ಲ.

ಸೋಮವಾರ ಹನ್ನೆರಡರೊಳಗೆ ಪ್ರತಿ ಆರೋಗ್ಯ ಕೇಂದ್ರದಿಂದಲೂ ಉಳಿದ ಡಬ್ಬಿಗಳ ಸಂಖ್ಯೆ ಔಷಧದ ಉಗ್ರಾಣಕ್ಕೆ ಮೆಸೇಜಿನಲ್ಲಿ ಹೋಗಬೇಕು. ಯಾರದು ಕಡಿಮೆಯೋ ಮಂಗಳವಾರ ಅಲ್ಲಿಗೇ ವ್ಯಾನು ಮೊದಲು. ಈ ಮೆಸೇಜಿನ ಏರ್ಪಾಡು ಬರುವ ಮುಂಚೆ, ಒಂದು ಮಳೆಗಾಲದಲ್ಲಿ ಮಾತ್ರೆ ಮುಗಿದು, ಹದಿನೆಂಟು ದಿನ ಅವಳು ತಾಯಂದಿರನ್ನು ಬರಿಗೈಯಲ್ಲಿ ಕಳಿಸಿದ್ದಳು. ಅಂದಿನ ಹೆದರಿಕೆಯೇ ಆ ಮೂರು ಡಬ್ಬಿ. ಹಳತಾಗುವ ಮುಂಚೆ ಅವನ್ನು ಹಂಚಿ, ಹೊಸದನ್ನು ಅಲ್ಲಿಡುತ್ತಿದ್ದಳು. ಹಾಗಾಗಿ ಮನಸ್ಸು ಚುಚ್ಚಿರಲಿಲ್ಲ.

ಮೊಬೈಲಿನಲ್ಲಿ ನಾಲ್ಕು ಎಂದು ಒತ್ತುವಷ್ಟರಲ್ಲಿ, ಖಾಲಿ ಲಸಿಕೆ ಪೆಟ್ಟಿಗೆ ಒಯ್ಯಲು ವ್ಯಾನಿನ ಡ್ರೈವರ್ ಬಂದು ಪರದೆಯತ್ತ ಇಣುಕಿದ.

"ಏನಕ್ಕಾ, ಹೋದ ವಾರ ತಾನೆ ತುಂಬ್ಸಿ ಹೋದೆ, ಆಗ್ಲೇ ನಾಲ್ಕಾ? ನಿಮ್ಮ ಸೊಳ್ಳೆಗಳೇ ಮಾತ್ರೆ ನುಂಗ್ತಾವಾ ಹೇಗೆ?"

"ನಿನ್ನ ಕಚ್ಚಿದ್ವಲ್ಲಪ್ಪಾ, ಅದಕ್ಕೇ ಅವಕ್ಕೆ ಜ್ವರ. ಕೂತ್ಕೋ, ನೀರು ಕೊಡ್ತೀನಿ."

ಅವನು ನಕ್ಕು, ಗಟಗಟ ಕುಡಿದು ಬಾಯೊರೆಸಿಕೊಂಡ. "ಹೋದ ವಾರ ಹೊಳೆಯಾಚೆ ಸಿಸ್ಟರು ಎರಡು ಅಂತ ಕಳಿಸಿದ್ರು, ನೀವು ಒಂದು. ಅದಕ್ಕೇ ಮೊದ್ಲು ಇಲ್ಲಿಗೆ ಬಂದೆ, ವ್ಯಾನಲ್ಲಿದ್ದದ್ದೆಲ್ಲ ಇಲ್ಲೇ ಇಳೀತು. ಅಲ್ಲಿ ಗುರುವಾರಕ್ಕೇ ಖಾಲಿ. ಒಬ್ಬಳು ತಾಯಿ ಸುಡೋ ಮಗೂನ ಎತ್ಕೊಂಡು ಸೈಕಲ್ಲಿನ ಹಿಂದೆ ಕೂತು ದೊಡ್ಡಾಸ್ಪತ್ರೆಗೆ ಹೋದ್ಲಂತೆ. ದಾರೀಲೇ ಫಿಟ್ಸು."

ನರ್ಸ್ ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. "ಮಗು?"

"ಉಳ್ಕೊಳ್ತು ಬಿಡಿ. ನಿನ್ನೆ ಹಾಲು ಕುಡೀತಂತೆ. ಇನ್ನೊಂದು ಕಡೆಯಿಂದ ಕಾಡಿ ಬೇಡಿ ಐದು ಡಬ್ಬಿ ತಂದ್ಕೊಟ್ಟೆ. ಈಗಷ್ಟೇ ಆ ಸಿಸ್ಟರು ಐದು ಅಂತ ನನ್ನೆದುರೇ ಕಳಿಸಿದ್ರು. ನಾಳೆನೂ ನಿಮ್ಮಲ್ಲಿಗೇ ಮೊದ್ಲು ಅನ್ನಿ, ಅದೃಷ್ಟವಂತರು ನೀವು."

ಪೆಟ್ಟಿಗೆ ಹೊತ್ತು ಅವನು ಹೊರನಡೆದ.

ನಾಲ್ಕು ಇನ್ನೂ ಪರದೆಯ ಮೇಲೆ ಮಿನುಗುತ್ತಿತ್ತು. ಆ ಹದಿನೆಂಟು ದಿನದ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವುಗಳ ಸಾಲಿನಲ್ಲಿ ಈಗ ಸೈಕಲ್ಲಿನ ಹಿಂದೆ ಕೂತ ಒಬ್ಬಳು, ತಾನು ನೋಡೇ ಇರದವಳು. ನರ್ಸ್ ಮಂಡಿಯೂರಿ ಹತ್ತಿ ಸರಿಸಿ, ಮೂರು ಡಬ್ಬಿಗಳನ್ನೂ ಹೊರಗೆಳೆದು, ಮೇಲಿನ ಅರೆಯಲ್ಲಿ ಉಳಿದವುಗಳ ಪಕ್ಕ ಜೋಡಿಸಿದಳು. ಹೆದರಿಕೆ ಹೋಗಿರಲಿಲ್ಲ. ನಾಲ್ಕನ್ನು ಅಳಿಸಿ ಏಳು ಒತ್ತಿ ಕಳಿಸಿದಳು. ಮತ್ತೆ ಮಂಡಿಯೂರಿ, ಹೊರಗೆ ಉರುಳಿದ್ದ ಹತ್ತಿಯನ್ನು ಒಳಗಿಡತೊಡಗಿದಳು.

ಮರೆತ ಟೋಪಿಗೆಂದು ಡ್ರೈವರ್ ಮತ್ತೆ ಇಣುಕಿದ. "ನೆಲದ ಮೇಲೆ ಏನು ಹುಡುಕ್ತಿದ್ದೀರಕ್ಕಾ?"

"ಹತ್ತಿ," ಎಂದಳು.