ಪೆಂಡಾಲಿನ ಹಿಂದೆ

"ಕ್ಯಾಮರಾ ಬಿಚ್ಚು," ಎಂದ ವೆಂಕಟರಮಣಪ್ಪ. ದನಿ ಏರಿಸಲಿಲ್ಲ. ಲಕ್ಷ್ಮಯ್ಯನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ಎಪ್ಪತ್ತೆಂಟರ ಬೇಸಿಗೆ. ಪೀಣ್ಯದ ಬಯಲಿನಲ್ಲಿ ಪಕ್ಷದ ರಾಜ್ಯ ಸಮಾವೇಶದ ಎರಡನೆಯ ದಿನ. ಅದರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬೇಕೆಂದು ಪಕ್ಷದವರೇ ಕರೆಸಿದ್ದ ತಂಡದಲ್ಲಿ ಬಾಗಲಗುಂಟೆಯ ಲಕ್ಷ್ಮಯ್ಯ ಕ್ಯಾಮರಾ ಹಿಡಿದಿದ್ದ. ಹಾರ, ಜೈಕಾರ, ಕೈ ಮುಗಿದ ಮುಖಂಡರು, ಕೊಪ್ಪರಿಗೆಯಲ್ಲಿ ಕುದಿಯುವ ಸಾರು ಎಲ್ಲವನ್ನೂ ತೆಗೆದಿದ್ದ. ಸ್ವಯಂಸೇವಕರ ಮುಖ್ಯಸ್ಥ ವೆಂಕಟರಮಣಪ್ಪ ಬೆಳಿಗ್ಗೆ ತಾನೇ ಅವನ ಹೆಗಲು ತಟ್ಟಿ ಕಾಫಿ ಕುಡಿಸಿದ್ದ.

ಮಧ್ಯಾಹ್ನ ಭಾಷಣದ ನಡುವೆ ಮುದುಕನೊಬ್ಬ ಎದ್ದು ನಿಂತ. ಲಕ್ಷ್ಮಯ್ಯನ ಬೀದಿಯ ಸೊಣ್ಣಪ್ಪ.

"ನಮ್ ಮಸಣಕ್ಕೆ ಪ್ಯಾಕ್ಟ್ರಿಯೋರು ಬೇಲಿ ಆಕವ್ರೆ. ಸತ್ತೋರ್ನ ಎಲ್ಲಿ ಮಣ್ಣು ಮಾಡಾನ ಸ್ವಾಮಿ?"

ಕೆಲವರು ನಕ್ಕರು. ನಾಲ್ವರು ಸ್ವಯಂಸೇವಕರು ಬಂದು, ಮುದುಕನ ರಟ್ಟೆ ಹಿಡಿದು ಪೆಂಡಾಲಿನ ಹಿಂದಕ್ಕೆ ಎಳೆದೊಯ್ದರು. ಲಕ್ಷ್ಮಯ್ಯ ಹಿಂದೆಯೇ ಹೋದ. ಧೈರ್ಯದಿಂದಲ್ಲ, ಜನ ಹೋದತ್ತ ಕ್ಯಾಮರಾ ಒಯ್ಯುವ ಅಭ್ಯಾಸದಿಂದ. ಬಟ್ಟೆಯ ಸಂದಿಯಲ್ಲಿ ಲೆನ್ಸ್ ಇಟ್ಟ. ದೊಣ್ಣೆ ಎದ್ದಿತು, ಇಳಿಯಿತು. ಮೂರನೆಯ ಏಟಿಗೆ ಸೊಣ್ಣಪ್ಪನ ಕಾಲು ಕಾಲಿನಂತೆ ಇರಲಿಲ್ಲ. ಕೂಗು ನಿಂತಾಗ ಕ್ಯಾಮರಾದ ಗರಗರ ಸದ್ದೊಂದೇ ಉಳಿಯಿತು. ನಾಲ್ವರೂ ಇತ್ತ ತಿರುಗಿದರು.

ಈಗ ವೆಂಕಟರಮಣಪ್ಪ ಎದುರಿಗೆ ನಿಂತಿದ್ದ.

"ಮಾರಮ್ಮನ ಗುಡಿ ಪಕ್ಕದ ಮನೆ ಅಲ್ವಾ ನಿಂದು? ಹೆಂಡ್ತಿಗೆ ಏಳು ತಿಂಗಳಂತೆ. ಚೆನ್ನಾಗಿ ನೋಡ್ಕೊ ಮಗಾ."

ಲಕ್ಷ್ಮಯ್ಯ ಕ್ಯಾಮರಾ ಬಿಚ್ಚಿ ರೀಲು ಎಳೆದ. ಸುರುಳಿ ಸುರುಳಿಯಾಗಿ ಬಿಸಿಲಿಗೆ ಬಿತ್ತು. ಬೆಳಕು ಸೋಕಿದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ. ಮೂರು ದಿನ ಬೀದಿಯಲ್ಲಿ ಸೈಕಲ್ ಬೆಲ್ ಆದರೂ ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದ. ಸೊಣ್ಣಪ್ಪ ಕುಡಿದು ವೇದಿಕೆಯ ಮೆಟ್ಟಿಲಿಂದ ಬಿದ್ದನೆಂದು ಪೊಲೀಸರು ಬರೆದುಕೊಂಡರಂತೆ. ಆ ಮುದುಕ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಲಕ್ಷ್ಮಯ್ಯ ತಡೆಯಲಾರದೆ ಅವನ ಮನೆಗೆ ಹೋದ.

ಸೊಣ್ಣಪ್ಪ ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ಜ್ವರದ ಮಂಪರಿನಲ್ಲಿ ಮಲಗಿದ್ದ. ಅವನ ಹೆಂಡತಿ ಭದ್ರಮ್ಮ ಚಾಪೆ ಹಾಸಿದಳು.

"ನೀನು ಪೋಟ ಇಡೀತಿದ್ಯಂತಲ್ಲಪ್ಪ. ಎಲ್ಲಾ ಅದ್ರಾಗೆ ಬಂದೈತಂತೆ. ತೋರ್ಸುದ್ರೆ ಪೋಲೀಸ್ನೋರು ನಂಬ್ತಾರೆ ಅಲ್ವಾ?"

"ಇಲ್ಲ ದೊಡ್ಡಮ್ಮ." ಅವನು ನೆಲ ನೋಡಿದ. "ರೀಲು ನಾನೇ ಹಾಳು ಮಾಡ್ದೆ. ಹೆದರ್ಕೊಂಡ್ಬಿಟ್ಟೆ."

ಭದ್ರಮ್ಮ ಗಂಡನ ಮೇಲಿನ ನೊಣ ಓಡಿಸಿದಳು.

"ನೀನು ಕಣ್ಣಾರೆ ನೋಡುದ್ಯಾ?"

"ನೋಡ್ದೆ."

"ಅದೂ ಅಳಿಸೋಯ್ತಾ?"

ಲಕ್ಷ್ಮಯ್ಯನಿಗೆ ಎದ್ದು ಹೋಗಿಬಿಡೋಣ ಎನ್ನಿಸಿತು. ಹೆಂಡತಿಯ ಹೊಟ್ಟೆ ಕಣ್ಣ ಮುಂದೆ ಬಂತು. ಸೊಣ್ಣಪ್ಪ ನಿದ್ದೆಯಲ್ಲೇ ನರಳಿದ. ಲಕ್ಷ್ಮಯ್ಯ ಜೇಬಿನಿಂದ ಪೆನ್ನು ತೆಗೆದು, ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದುಕೊಂಡ. ಹಿಂಬದಿಯಲ್ಲಿ ಬರೆಯತೊಡಗಿದ: ಎಷ್ಟು ಗಂಟೆ, ಎಷ್ಟು ಜನ, ಎಷ್ಟು ಏಟು. ರೀಲು ಹಾಳು ಮಾಡಿಸಿದವನೆಂದು ವೆಂಕಟರಮಣಪ್ಪನ ಹೆಸರನ್ನೂ ಬರೆದ.

ಹೊರಗೆ ಜೀಪೊಂದು ಬಂದು ನಿಂತಿತು. ಎಂಜಿನ್ ಆರಿಸಲಿಲ್ಲ. ಯಾರೂ ಇಳಿಯಲೂ ಇಲ್ಲ. ಅವನು ಬರೆಯುವುದನ್ನು ನಿಲ್ಲಿಸಿದ.

"ಬರಿಯಪ್ಪ," ಎಂದಳು ಭದ್ರಮ್ಮ.

ಅವಳು ಎದ್ದಳು. ಬಾಗಿಲು ಮುಚ್ಚಲಿಲ್ಲ. ತಲೆ ಮೇಲೆ ಸೆರಗು ಹೊದ್ದು, ಬೀದಿಗೆ ಮುಖ ಮಾಡಿ, ಹೊಸ್ತಿಲ ತುಂಬ ಕೂತಳು. ಒಳಗೆ ಬೆಳಕು ಕಡಿಮೆಯಾಯಿತು. ಲಕ್ಷ್ಮಯ್ಯ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಕೆಳಗೆ ತನ್ನ ಹೆಸರು ಬರೆದ. ಅದರ ಕೆಳಗೆ ಅಪ್ಪನ ಹೆಸರು, ಊರು.