ಮಲಗಿದವರು ಎದ್ದು ಹೋಗಲಿ

ಇದನ್ನು ನಾನು ಹೇಳಬಹುದೇ ಎಂಬ ಅಳುಕು ಬರೆಯಲು ಕೂತಾಗಿನಿಂದ ಹೋಗಿಲ್ಲ. ಮಗಳನ್ನು ಕಳೆದುಕೊಂಡವಳ ಮಾತನ್ನು ಇನ್ನೊಬ್ಬರು ಹೇಳಹೊರಟರೆ ಎಲ್ಲೋ ಒಂದು ಪದ ಹೆಚ್ಚಾಗುತ್ತದೆ, ಎಲ್ಲೋ ಒಂದು ಕಡಿಮೆ ಬೀಳುತ್ತದೆ. ಹಾಗಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದವಳು ಬೆಡ್‌ಶೀಟಿನ ಎರಡು ಮೂಲೆ ಹಿಡಿದು ನಿಂತಿದ್ದಳು. ಎದುರಿಗೆ ಉಳಿದೆರಡು ಮೂಲೆ ಹಿಡಿದವಳು ಮೆಣಸಿನಕಾಯಿ. ಅವಳ ಬಾಯಿಯ ಖಾರಕ್ಕೆ ಆಸ್ಪತ್ರೆಯ ಲಾಂಡ್ರಿಯವರು ಇಟ್ಟ ಹೆಸರು ಅದು. ಇಬ್ಬರೂ ಬಟ್ಟೆಯನ್ನು ಜಗ್ಗಿ ಕೊಡವಿದರು, ಉದ್ದಕ್ಕೆ ಮಡಿಸಿದರು, ಒಬ್ಬರತ್ತ ಒಬ್ಬರು ನಡೆದು ಬಂದರು. ಮೂಲೆಗೆ ಮೂಲೆ ಸೇರಿತು. ಅಕ್ಕ ಏನೂ ಹೇಳಲಿಲ್ಲ. ಮಗಳನ್ನು ಮಣ್ಣು ಮಾಡಿ ಕೆಲಸಕ್ಕೆ ಬಂದ ಮೊದಲ ದಿನ ಅದು.

ಮೊದಲಾದರೆ ಮೂಲೆ ಸೇರಿದಾಗಲೆಲ್ಲ ಅವಳು ಕಣ್ಣು ಮುಚ್ಚುತ್ತಿದ್ದಳು. "ದೇವರೇ, ಇದರ ಮೇಲೆ ಮಲಗಿದವರು ಎದ್ದು ಮನೆಗೆ ಹೋಗಲಿ." ಪ್ರತಿ ಬೆಡ್‌ಶೀಟಿಗೂ ಅಷ್ಟೇ ಮಾತು. ಯಾರಿಗೂ ಉಪದೇಶ ಮಾಡಿದವಳಲ್ಲ.

"ಎಲ್ಲರೂ ಎದ್ದು ಹೋದ್ರೆ ನಮಗೆ ಒಗೆಯೋಕೆ ಏನಿರುತ್ತೆ ಅಕ್ಕಾ? ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕ್ಕೊಳ್ಳೋದಾ?" ಎಂದು ಮೆಣಸಿನಕಾಯಿ ಕಿಚಾಯಿಸುತ್ತಿದ್ದಳು.

"ಕಲ್ಲು ಬಿದ್ರೆ ಬೀಳ್ಲಿ ಬಿಡೇ. ದೇವರು ಬೇರೆ ಕೆಲ್ಸ ಕೊಡ್ತಾನೆ."

"ಕೊಡ್ತಾನೆ, ಕೊಡ್ತಾನೆ. ನಿಮಗೆ ಬೆನ್ನುನೋವು ಕೊಟ್ಟ ಹಾಗೆ."

ಒಮ್ಮೆ ಅಕ್ಕ ಜ್ವರ ಬಂದು ಮಲಗಿದಳು. ಬದಲಿಗೆ ಬಂದವಳು ಮೂಲೆಗೆ ಮೂಲೆ ಸೇರಿಸಿ, ಮಡಿಸಿ, ಪಕ್ಕಕ್ಕಿಟ್ಟಳು. ಮೆಣಸಿನಕಾಯಿಗೆ ಕೈಯಲ್ಲಿನ ಕೆಲಸ ಅರ್ಧಕ್ಕೇ ನಿಂತಂತಾಯಿತು. ಆ ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಅಕ್ಕನ ಮಾತನ್ನು ತಾನೇ ಗೊಣಗಿದಳು. ಅಂದಿನಿಂದ ಬಿಡಲಿಲ್ಲ. ದಿನ ಕಳೆದಂತೆ ಪಕ್ಕದ ಮೇಜಿನ ಇಸ್ತ್ರಿಯಣ್ಣನೂ ಇವರ ಮಾತು ಮುಗಿಯುವ ತನಕ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ನಿಲ್ಲತೊಡಗಿದ.

ಆಮೇಲೆ ಅಕ್ಕನ ಮಗಳೇ ಕಾಯಿಲೆ ಬಿದ್ದು ಮೇಲಿನ ವಾರ್ಡಿಗೆ ಬಂದಳು.

ಲಾಂಡ್ರಿಯವರಿಗೆ ತಾವು ಮಡಿಸಿದ ಬಟ್ಟೆ ಯಾರ ಮಂಚಕ್ಕೆ ಹೋಗುತ್ತದೆಂದು ಗೊತ್ತಾಗುವುದಿಲ್ಲ. ಮೆಣಸಿನಕಾಯಿ ಮಾತ್ರ ಆ ಸಲ ಒಂದು ಬೆಡ್‌ಶೀಟು ಆರಿಸಿಕೊಂಡು, ಅಂಚಿಗೆ ನೀಲಿ ದಾರದ ಹೊಲಿಗೆ ಹಾಕಿ, ಹೊಲಿಗೆಗೊಮ್ಮೆ ಆ ಮಾತು ಹೇಳಿ, ನರ್ಸಮ್ಮನನ್ನು ಕಾಡಿಬೇಡಿ ಆ ಹುಡುಗಿಯ ಮಂಚಕ್ಕೇ ಹಾಸಿಸಿದ್ದಳು. ಹುಡುಗಿ ಅದರ ಮೇಲೆಯೇ ಹೋದಳು. ಕೊಳೆ ಬಟ್ಟೆಯ ರಾಶಿಯಲ್ಲಿ ನೀಲಿ ದಾರ ಕಂಡ ದಿನ ಮೆಣಸಿನಕಾಯಿಯ ಬಾಯಿಯೂ ಕಟ್ಟಿತು.

ಈಗ ಇಬ್ಬರೂ ಇನ್ನೊಂದು ಬೆಡ್‌ಶೀಟು ಮಡಿಸುತ್ತಿದ್ದರು. ಮೆಣಸಿನಕಾಯಿಗೆ ತಡೆಯಲಾಗಲಿಲ್ಲ. ನೀಲಿ ದಾರದ ಸಂಗತಿಯನ್ನೆಲ್ಲ ಹೇಳಿಬಿಟ್ಟಳು.

"ನಾನು ಯಾವ ದೇವರನ್ನೂ ನಂಬಿದವಳಲ್ಲ ಅಕ್ಕಾ. ನಿಮ್ಮನ್ನ ನೋಡಿ ಅವನನ್ನ ನಂಬಿದೆ. ಅವನು ನಿಮಗೇ ಹೀಗೆ ಮಾಡಿದ ಮೇಲೆ ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ?"

ಅಕ್ಕ ಬಟ್ಟೆಯ ಸುಕ್ಕನ್ನು ಅಂಗೈಯಲ್ಲಿ ತೀಡಿದಳು.

"ಎದ್ದು ಬರ್ಲಿ ಅಂತ ನಾನೂ ಕೇಳ್ದೆ ಕಣೇ. ಎಷ್ಟು ಕೇಳ್ದೆ ಅಂತ ಅವನಿಗೇ ಗೊತ್ತು. ಕೊನೇ ದಿನ ಮಾತ್ರ ಕೇಳಲಿಲ್ಲ. ಮಗು ನೋವಿಗೆ ಹಾಸಿಗೆ ಕಚ್ಚಿಕೊಂಡಿತ್ತು. ನೋಡೋಕಾಗಲಿಲ್ಲ. ಸಾಕು, ಕರ್ಕೊಂಡು ಹೋಗು ಅಂದ್ಬಿಟ್ಟೆ." ಅವಳ ಕೈ ನಿಂತಿತು. "ಅದೊಂದನ್ನ ತಕ್ಷಣ ಕೇಳಿಸ್ಕೊಂಡ. ಈಗ ಬಾಯಿ ಬಿಡೋಕೇ ಭಯ ಆಗುತ್ತೆ."

ಮೆಣಸಿನಕಾಯಿ ಅಕ್ಕನ ಕೈಯಿಂದ ಬಟ್ಟೆ ತೆಗೆದುಕೊಂಡು ರಾಶಿಯ ಮೇಲಿಟ್ಟಳು.

ಅಷ್ಟರಲ್ಲಿ ಇಸ್ತ್ರಿಯಣ್ಣ ಮೇಜು ಬಿಟ್ಟು ಬಂದು ನಿಂತ. ಅವನ ಹೆಂಡತಿಯನ್ನು ಹಿಂದಿನ ದಿನವಷ್ಟೇ ಮೇಲಿನ ವಾರ್ಡಿಗೆ ಸೇರಿಸಿದ್ದರು.

"ಅಕ್ಕಾ, ಅವಳಿಗೊಂದು ಬೆಡ್‌ಶೀಟು ಬೇಕಿತ್ತು. ನೀವು ಆ ಮಾತು ಹೇಳಿ ಮಡಿಸಿದ್ದು."

"ಅದರಿಂದ ಏನೂ ಆಗಲ್ಲ ಅಣ್ಣಾ," ಎಂದಳು ಮೆಣಸಿನಕಾಯಿ. "ಸುಮ್ನೆ ರಾಶಿಯಿಂದ ಒಂದು ತಗೊಂಡು ಹೋಗಿ."

"ಆಗಲ್ಲ ಅಂತ ನಂಗೂ ಗೊತ್ತಮ್ಮಾ. ಅಕ್ಕನ ಮಗಳಿಗೇ ಆಗಲಿಲ್ಲ." ಅವನು ತಲೆ ತಗ್ಗಿಸಿದ. "ಆದ್ರೂ ಬರಿಗೈಲಿ ಆ ಮೆಟ್ಟಿಲು ಹತ್ತೋಕೆ ಕಾಲು ಬರ್ತಿಲ್ಲ."

ಅಕ್ಕ ಅವನನ್ನು ನೋಡಿದಳು. ಬೇಡವೆಂದು ತಲೆ ಅಲ್ಲಾಡಿಸಿದಳು. ಅವನು ಕದಲಲಿಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ. ಕೊನೆಗೆ ಅಕ್ಕ ರಾಶಿಯಿಂದ ಒಂದು ಬೆಡ್‌ಶೀಟು ಎಳೆದು ಎರಡು ಮೂಲೆಯನ್ನು ಮೆಣಸಿನಕಾಯಿಯತ್ತ ಚಾಚಿದಳು. ಮೆಣಸಿನಕಾಯಿ ಹಿಂಜರಿದಳು, ಆಮೇಲೆ ಹಿಡಿದುಕೊಂಡಳು. ಕೊಡವಿದರು, ಮಡಿಸಿದರು, ನಡೆದು ಬಂದರು. ಮೂಲೆ ಸೇರಿದ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಹಣೆಗೆ ಹಣೆ ತಾಗುವಷ್ಟು ಹತ್ತಿರ ನಿಂತರು.

ಒಗೆಯುವ ಯಂತ್ರ ದಡದಡ ತಿರುಗುತ್ತಿತ್ತು. ತುಟಿ ಮೊದಲು ಅಲುಗಿದ್ದು ಯಾರದು, ಹಳೆಯ ಮಾತನ್ನೇ ಹೇಳಿದರೋ ಬೇರೇನನ್ನೋ, ಆ ಸದ್ದಿನಲ್ಲಿ ತಿಳಿಯಲಿಲ್ಲ. ಇಸ್ತ್ರಿಯಣ್ಣ ಆ ಬಟ್ಟೆಯನ್ನು ಎರಡೂ ಕೈಯಲ್ಲಿ, ಮಲಗಿದ ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಅವನ ಹೆಂಡತಿ ಆಮೇಲೆ ಏನಾದಳೆಂಬುದು ನನಗೆ ಗೊತ್ತಿಲ್ಲ.