ಸಾವಿತ್ರವ್ವನ ಮಾರಿ

ಚಿತ್ರಕ್ಕ ಸುತ್ತಿದ ಧೋತರದ ತುದಿ ಗಾಳಿಗೆ ಪಟಪಟ ಬಡೀತೈತಿ, ಬಿಚ್ಚೀತು, ಬಿಚ್ಚಿದ್ರ ಬಸ್ಸಿನ ಮಂದಿಯೆಲ್ಲಾ ಅಕಿ ಮಾರಿ ನೋಡತಾರ, ಬ್ಯಾಡ, ಗಟ್ಟಿ ಹಿಡಕೊಂಡೇನಿ ತೊಡಿ ಮ್ಯಾಲೆ — ಬಾಜೂಕ ಕುಂತಾಕಿ ಕೇಳ್ತಾಳ, ಕನ್ನಡಿ ಏನ್ರೀ ಅದು, ಒಡದೀತು ಹುಷಾರು, ಹೂಂನ್ರಿ ಅಂದೆ, ಕನ್ನಡಿ ಆಗಿದ್ರ ಎಷ್ಟ ಚಲೋ ಇತ್ತು, ಎದುರು ನಿಂತವರನ್ನ ತಾನ ತೋರಸತಿತ್ತು, ಇದು ನಾ ಅಲ್ಲ ಅಂತ ಯಾರೂ ಅನ್ನಾಂಗಿಲ್ಲ. ಸಿಂದಗಿ ಹಿಂದ ಉಳೀತು, ಇನ್ನ ಆಲಮೇಲ, ಅಲ್ಲಿ ಬಸಂತರಾಯ ಮಾಸ್ತರ್ರು ಕಾಯಾಕತ್ತಿರತಾರ, ಹೆಂಡತಿ ಸಾವಿತ್ರವ್ವ ತೀರಿಕೊಂಡು ವರ್ಷ ಆಗಾಕ ಬಂತು, ವರ್ಷಾಂತಕ್ಕ ಗ್ವಾಡಿಗೆ ಹಾಕಾಕ ಚಿತ್ರ ಬೇಕು ಅಂದ್ರು, ಫೋಟೋ ಕೊಡ್ರಿ ಅಂದೆ, ಫೋಟೋ ತಗಸೇ ಇಲ್ಲ ಫಕ್ರುದ್ದೀನ, ನಾ ಹೇಳ್ತೇನಿ ನೀ ಬರಿ, ಅಂತ ಕಣ್ಣ ಮುಚಗೊಂಡು ಹೇಳಿದ್ರು, ಉದ್ದನ ಮೂಗು, ಕೂಡಿದ ಹುಬ್ಬು, ಕಿವಿ ಹಿಂದ ನಿಲ್ಲಲಾರದ ಕೂದಲು, ನಾ ಎಂದೂ ನೋಡಲಾರದಾಕಿನ್ನ ಅವರ ಮಾತಿನ ಮ್ಯಾಲೆ ಬರದೇನಿ, ಯಾಕ ಒಪ್ಪಿದೆ, ಯಾರ ಮಾರಿ ಬರದೇನೋ ಏನೋ.

ನಾಟಕ ಕಂಪನ್ಯಾಗ ಪರದೆ ಬರಕೋತ ಬೆಳದಾಂವ ನಾ, ಅರಮನಿ, ತ್ವಾಟ, ಕಾಡು, ಇಂಡಿ ಮುದ್ದೇಬಿಹಾಳ ಬಾಗೇವಾಡಿ ಎಲ್ಲಿ ಕ್ಯಾಂಪ್ ಬಿತ್ತೋ ಅಲ್ಲಿ, ದೂರಿಂದ ನೋಡಾವ್ರಿಗೆ ಬರಿಯೋ, ಹತ್ರ ಬಂದು ಯಾವಂವ ನೋಡ್ತಾನ ಅಂತಿದ್ರು ಮಾಲಕರು, ಟಾಕೀಜು ಬಂತು, ಕಂಪನಿ ಮುಚ್ಚಿತು, ಮುಂಬೈ ರಾಜ್ಯ ಹೋಗಿ ಮೈಸೂರು ಆದಾಗ ಮರಾಠಿ ಬೋರ್ಡೆಲ್ಲಾ ಕೆರೆದು ಕನ್ನಡ ಬರದೆ, ಅಪ್ಪಗ ಅದ ಸಮಾಧಾನ, ನನ್ನ ಮಗಾ ಅಕ್ಷರ ಬರೀತಾನ ಅಂತ ಮಸೂತಿ ಕಟ್ಟಿ ಮ್ಯಾಲೆ ಹೇಳಾಂವ, ನನಗ ಅಂತಿದ್ದ, ಮಾರಿ ಮಾತ್ರ ಬರಿಬ್ಯಾಡಪಾ, ನಾಳೆ ಅಲ್ಲಾಹನ ಮುಂದ ನಿಂತಾಗ ಇದಕ್ಕ ಜೀವಾ ತುಂಬು ಅಂದ್ರ ಏನ್ ಮಾಡ್ತಿ — ಏನ್ ಮಾಡಲಿ ಅಪ್ಪಾ, ಮಂದಿಯಿಲ್ಲದ ಅರಮನಿ ಬರದು ಬರದು ನನಗ ಹೆದರಿಕಿ ಬರತಿತ್ತು, ಒಂದು ಸಲ ಮ್ಯಾಲಿನ ಕಿಟಕ್ಯಾಗ ಉಗುರಿನಷ್ಟು ಒಂದು ಹೆಣ್ಣಿನ ಮಾರಿ ಬರದಿಟ್ಟೆ, ಯಾರಿಗೂ ಕಾಣಲಿಲ್ಲ, ಊರೂರಾಗ ಪರದೆ ಇಳಿದಾಗೆಲ್ಲಾ ನಾ ಒಬ್ಬನ ಹುಡುಕಿ ನೋಡತಿದ್ದೆ, ಇದ್ದಾಳ, ಇನ್ನೂ ಇದ್ದಾಳ, ಅಷ್ಟ ಸಾಕಾಗತಿತ್ತು, ಅದಕ್ಕ ಬರೀತೇನಿ ಅಂತ ಕಾಣತೈತಿ, ಅಲ್ಲಿ ಯಾರರ ಇರಬೇಕು ಅಂತ, ಆದ್ರ ಅಕಿ ಯಾರ ಮಗಳೂ ಅಲ್ಲ, ಹೆಂಡತೀನೂ ಅಲ್ಲ, ತಪ್ಪಾತು ಅನ್ನಾಕ ಯಾರೂ ಇದ್ದಿಲ್ಲ.

ಆಲಮೇಲ ಬಂತು, ಕಬ್ಬಿನ ಬಂಡಿ ಸರಿಯೂತನಾ ನಿಂತೆ, ನನಗ ತಡಾ ಆಗೂದ ಬೇಕಾಗಿತ್ತು, ಈಗ ಮಾಸ್ತರ್ರ ಪಡಸಾಲ್ಯಾಗ ಗಂಟು ಬಿಚ್ಚಾಕತ್ತೇನಿ, ಮಾಸ್ತರ್ರು ನೋಡಿದ್ರು, ಕುಂತರು, ಅಕೀನ, ಅಕೀನ ಅದಾಳ ಅಂದ್ರು, ನನ್ನ ಎದಿ ಹಗುರಾತು, ಆಗ ಕಂಬಕ್ಕ ಒರಗಿದ್ದ ಮುದುಕಿ ಸಿದ್ದವ್ವ, ಸತ್ತಾಕಿ ತಾಯಿ, ಎದ್ದು ಬಂದು ಚಿತ್ರಕ್ಕ ಮೂಗು ತಾಗೂವಷ್ಟು ಹತ್ರ ನಿಂತು, ಯಾರಪಾ ಇಕಿ ಅಂದ್ಲು. ನನ್ನ ಮಗಳ ಗಲ್ಲದಾಗಿನ ಸಿಡುಬಿನ ಕುಳಿ ಎಲ್ಲ್ಯವ, ಬೇವಿನ ಸೊಪ್ಪಿನ್ಯಾಗ ಮಲಗಿಸಿ ಗಾಳಿ ಹಾಕೋತ ಕುಂತಿದ್ದೆ, ಊರಾಗಿನ ಕೂಸೆಲ್ಲಾ ಹೋದುವು, ನಂದು ಉಳೀತು, ಕುಳಿ ಇಲ್ಲಾಂದ್ರ ಇಕಿ ನಾ ಉಳಿಸಿಕೊಂಡಾಕಿ ಅಲ್ಲ. ಮಾಸ್ತರ್ರ, ನೀವು ಹೇಳಲಿಲ್ರಿ ಅಂದೆ, ಅವರು ನೆಲಾ ನೋಡತಾರ, ನನಗ ಅವು ಕಾಣತಿದ್ದಿಲ್ಲೋ ಫಕ್ರುದ್ದೀನ — ನಾಚಿಕಿಯೋ, ಖರೇನ ಕಾಣತಿದ್ದಿಲ್ಲೋ, ತಿಳೀವಲ್ದು, ಕುಳಿ ಇಟ್ಟರ ಇವರ ಹೆಂಡತಿ ಹೋಗತಾಳ, ಇಡದಿದ್ರ ಸಿದ್ದವ್ವನ ಮಗಳು ಹೋಗತಾಳ. ಬರಿ, ಅಂದ್ಲು ಮುದುಕಿ. ಚೀಲದಾಗಿನ ಕುಂಚ ತಗದೆ, ಗಲ್ಲಕ್ಕ ಮತ್ತೊಮ್ಮೆ ದಪ್ಪಗ ಮೈಬಣ್ಣ ಬಳದೆ, ಕುಂಚ ಕಂದು ಬಣ್ಣದಾಗ ಅದ್ದಿದೆ, ಅಪ್ಪ ನೋಡಾಕತ್ತಾನ ಅನಸತೈತಿ, ಒಂದು ಇಟ್ಟೆ, ಇನ್ನೊಂದು ಅಂದ್ಲು ಸಿದ್ದವ್ವ, ಇಟ್ಟೆ, ಕಿವಿ ಹತ್ರ ಮತ್ತೊಂದು ಇಡಾಕ ಹ್ವಾದೆ — ಅಲ್ಲಲ್ಲ, ಮಾಸ್ತರ್ರ ದನಿ, ಎದ್ದು ನಿಂತಾರ, ಅಲ್ಲಿ ಅಲ್ಲೋ, ತಡಿ, ಬಂದವರೇ ಹಸಿ ಬಣ್ಣದ ಮ್ಯಾಲೆ ಬೆರಳಿಟ್ರು, ತುಟಿ ಪಕ್ಕಕ್ಕ, ಇಲ್ಲಿ, ಆಳದ್ದು ಇಲ್ಲಿತ್ತು, ನಕ್ಕರ ಮುಚ್ಚಿ ಹೋಗತಿತ್ತು, ಅಂತಾರ, ಒತ್ತತಾರ, ಸಿದ್ದವ್ವ ಹೌದು ಅಂತಾಳ, ಹೌದಪಾ ಅಲ್ಲೇ, ಸೆರಗು ಬಾಯಿಗೆ ಹಿಡಕೊಂಡಾಳ, ಬೆರಳು ತಗದ್ರು, ಗಲ್ಲದಾಗ ಕುಳಿ ಬಿದ್ದೈತಿ, ಇನ್ನ ನಾ ಬರಿಯೂದಿಲ್ಲ, ಬೇಕಾಗಿಲ್ಲ, ಒರಸಿಕೊಳ್ರಿ ಅಂತ ಅರಿವಿ ಕೊಟ್ಟೆ, ತಗೊಳ್ಳವಲ್ರು, ಬೆರಳು ಹಂಗ ಎತ್ತಿ ಹಿಡದು ನಿಂತಾರ, ತುದಿಯಾಗ ಅಕಿ ಮೈಬಣ್ಣ, ಆ ಬೆರಳು, ಬೆರಳ ತುದಿಯಾಗ ಅಕಿ ಗಲ್ಲದ ಬಣ್ಣ, ಬೆರಳ ತುದಿ…